ಅತ್ತಿಯ ದನಿಯ ಫೈಲು

…ಅಲ್ರಿ ಅತ್ತಿ, ನೀವು ಹಿಂಗ ಹುಬ್ಬ ಏರಿಸಿ ನೋಡಿದ್ರ ಸರ್ವರ್ ಹೆದರತೈತೇನು? ಅದೇನು ನಿಮ್ಮ ಸೊಸೀನ? ಯಾವದೋ ಊರಾಗ, ತಣ್ಣನ ಖೋಲ್ಯಾಗ ಕುಂತಿರೋ ಮಷೀನು. ನಾ ಬೈಲಹೊಂಗಲದಾಗ ಕುಂತು ಈ ಲ್ಯಾಪ್‌ಟಾಪಿನಿಂದ ಫೈಲ್ ಕಳಸಬೇಕು, ಅದು ಇಸ್ಕೊಂಡು ನಮ್ಮ ವೆಬ್‌ಸೈಟಿನ್ಯಾಗ ಇಡಬೇಕು. ಇಸ್ಕೊಳ್ಳಾಕ ಒಲ್ಲೆ ಅನ್ನಾಕತ್ತೈತಿ, ಅಷ್ಟ.

ಅಯ್ಯ, ಮಾತಾಡಬ್ಯಾಡ್ರಿ. ತುಟಿ ಅಲುಗಿದ್ವು, ನನ್ನ ಜೀವಾನ ಹಾರಿತು. ಶ್ರಾವಣ ಸೋಮವಾರ, ದೀಪಾ ಹಚ್ಚೂತನಾ ಮೌನ ಅಂತ ಮುಂಜಾನೆ ಜಗಲಿ ಮುಂದ ನಿಂತು ನೀವ ಹಿಡದದ್ದು. ಕೈಸನ್ನಿ ನಡೀತೈತಿ. ಹೂಂ, ಗುರೆಳ್ಳ ಹಸನ ಮಾಡ್ಕೋತ ಕುಂದರ್ರಿ.

ಏನು? ಇಷ್ಟು ದಿನ ಏನ ಮಾಡಿದಿ ಅಂತೀರೇನು? ಹೇಳತೇನಿ. ‘ಯಲ್ಲವ್ವನ ಖಡಕ್ ರೊಟ್ಟಿ’ ಅಂತ ಯರಗಟ್ಟಿ ಬಾಳೇಶ ಸೈಟ್ ಮಾಡಿಕೊಟ್ಟನಲ್ರಿ. ನಿಮ್ಮ ಫೋಟೋ ಏರಿತು, ರೊಟ್ಟಿ ಫೋಟೋ ಏರಿತು, ಶೇಂಗಾ ಚಟ್ನಿ ಫೋಟೋನೂ ಏರಿತು. ಕೆಳಗೊಂದು ಬಟನ್ ಐತಿ. ಅದನ್ನ ಒತ್ತಿದ್ರ ಮಂದಿಗೆ ನಿಮ್ಮ ದನಿ ಕೇಳಬೇಕು. ಅದಕ್ಕ ಒಲಿ ಮುಂದ ನಿಮ್ಮನ್ನ ಕುಂದರಿಸಿ ಮೊಬೈಲಿನ್ಯಾಗ ತುಂಬಕೊಂಡೆ.

ಮಾತಾಡಿದ್ರೋ ಇಲ್ಲೋ ನೀವು. ‘ಇಲ್ಲೆ ಕೇಳ ಯವ್ವಾ’ ಅಂತ ಶುರು ಹಚ್ಚಿದ್ರಿ. ಜೋಳ ಬಿತ್ತೂದು ಬಂತು. ನಿಮ್ಮ ತವರಮನಿ ಸಂಗೊಳ್ಳಿ ಬಂತು. ನಿಮ್ಮವ್ವ ಬಂದ್ಲು, ಎಮ್ಮಿ ಬಂತು, ಆ ಎಮ್ಮಿ ಯಾರ್‍ಯಾರಿಗೆ ಹಾದಿತ್ತು ಅದೆಲ್ಲಾ ಬಂತು. ರೊಟ್ಟಿ ಇನ್ನೇನು ಬರತೈತಿ ಅನ್ನೂದ್ರಾಗ ಫೋನಿನ ಚಾರ್ಜ್ ಮುಗೀತು. ನಾನೂ ಎಲ್ಲ್ಯರ ಬರತೇನೇನೋ ಅಂತ ಕಾದೆ… ಎಮ್ಮಿ ಎರಡ ಸಲ ಬಂತು.

ಏನಿಲ್ರಿ, ಚಾಷ್ಟಿ ಮಾಡಿದೆ.

ಹಂಗ ಅಷ್ಟ ದೊಡ್ಡ ಫೈಲ್ ಬಾಗಲದಾಗ ಹಿಡೀಲಿಲ್ಲ. ಮುಕ್ಕಾಲು ಹೋಗಿ ನಿಂದರೂದು. ಮತ್ತ ಕಳಸೂದು, ಮತ್ತ ನಿಂದರೂದು. ಬಾಳೇಶಗ ಫೋನ್ ಹಚ್ಚಿದ್ರ, ‘ನಾಗರತ್ನಕ್ಕಾರ, ಫೈಲ್ ಭಾಳ ದಪ್ಪ ಐತ್ರಿ, ತೆಳ್ಳಗ ಮಾಡ್ರಿ’ ಅಂದ. ಮಾಡಿದೆ. ಎಮ್ಮಿ ತಗದೆ… ಸಿಟ್ಟಾಗಬ್ಯಾಡ್ರಿ, ಒಂದ ಸಲದ್ದು ತಗದು ಒಂದ ಸಲದ್ದು ಇಟ್ಟೇನಿ. ಏರಿತು. ಖುಷಿಯಿಂದ ಸೈಟ್ ತಗದು ನೋಡಿದ್ರ, ಇಲ್ಲ. ಬ್ಯಾರೆ ಫೋಲ್ಡರಿಗೆ ಹೋಗಿ ಕುಂತಿತ್ತು. ಬೀಗರು ಪಡಸಾಲಿ ಬಿಟ್ಟು ಹಿತ್ತಲದಾಗ ಕುಂತಂಗ. ಬಂದಾರ ಖರೆ, ಯಾರ ಕಣ್ಣಿಗೂ ಬೀಳಂಗಿಲ್ಲ.

ಯಾಕ ನಗತೀರಿ? ಮೌನದಾಗ ನಗಬಹುದೇನ್ರಿ?

ಈಗ ಖರೇ ಫೋಲ್ಡರ್ ಯಾವದು ಅಂತ ಬಾಳೇಶ ಮೆಸೇಜ್ ಹಾಕಬೇಕು. ಬಸ್ಸಿನ್ಯಾಗ ಅದಾನಂತ. ಅದರ ಹಾದಿ ನೋಡಾಕತ್ತೇನಿ.

ಫೋನಾ? ನನ್ನ ಫೋನ್ ಯಾಕ್ರಿ? ಬ್ಯಾಡ ಬ್ಯಾಡ, ಈಗ ಸೈಟ್ ತಗೀಬ್ಯಾಡ್ರಿ. ಒಳಗ ಏನೂ ಇಲ್ಲ… ಇಲ್ಲ ಅಂದ್ರ, ದನಿ ಬರತೈತೋ ಇಲ್ಲೋ ಅಂತ ಪರೀಕ್ಷಾ ಮಾಡಾಕ ಬಾಳೇಶನ ಕಡಿಂದ ಒಂದು ಸಣ್ಣ ಫೈಲ್ ಹಾಕಿಸೇನಿ. ಮೈಕ್ ಮುಂದ ‘ಹಲೋ, ಹಲೋ’ ಅಂತಾರಲ್ಲ, ಅಂಥಾದ್ದು. ದೀಪಾ ಹಚ್ಚಿದ ಕೂಡಲೇ ಕೇಳತೇನಿ ಅಂತ ನೀವು ನಿನ್ನೆನ ಅಂದೀರಿ. ಅಷ್ಟರಾಗ ಅದನ್ನ ಎಬ್ಬಿಸಿ ಅದರ ಜಾಗಾದಾಗ ನಿಮ್ಮನ್ನ ಕುಂದರಸಬೇಕು. ಅದು ನಿಮ್ಮ ಕಿವಿಗೆ ಬೀಳಬಾರದು, ಅಷ್ಟ ನನ್ನ ಹಟ.

ತಗದ ಒಗಿ ಅಂತೀರಿ? ತಗೀಬಹುದು… ಬಾಳೇಶಗ ಹೇಳಿದ್ರ ಒಂದ ಕ್ಷಣದ ಕೆಲಸ. ಆದ್ರ ಬಟನ್ ಒತ್ತಿದವರಿಗೆ ಏನೂ ಕೇಳಂಗಿಲ್ಲಲ್ರಿ. ಇರಲಿ ಬಿಡ್ರಿ, ನಿಮ್ಮದು ಬರೂತನಾ. ಯಾರಿಗೇನ ತ್ರಾಸು?

ತಡೀರಿ, ಫೋನ್ ಬಂತು. ಹಲೋ, ಹೇಳ ಪೂನಮ್… ಕೇಳಿದ್ಯಾ? ಖರೇನ ಹಂಗ ಐತಾ?… ಏ, ಪ್ರಿನ್ಸಿಪಾಲರ ಸುದ್ದಿ ಈಗ ತಗೀಬ್ಯಾಡ… ಹೂಂ, ಬಾಜೂಕ ಅದಾರ. ಇಡತೇನಿ, ಇಡತೇನಿ.

ನನ್ನ ಕೂಡ ಬಿ.ಕಾಂ. ಓದಿದಾಕಿ ರೀ, ರಾಮದುರ್ಗದಾಗ ಇರತಾಳ. ರೊಟ್ಟಿ ಬೇಕಂತ ಅಕೀಗೆ. ಏನು ಕೇಳಿದ್ಲು? ರೊಟ್ಟಿ ರೇಟ್ ಕೇಳಿದ್ಲು. ನಾ ನಕ್ಕೆನೇನು? ರೇಟ್ ಕೇಳಿ ನಗಬಾರದಾ?

ಕಿವಿ ಮುಟ್ಟಿ ತೋರಸಬ್ಯಾಡ್ರಿ ಹಂಗ. ಗುರೆಳ್ಳಿನ್ಯಾಗ ಹರಳ ಉಳದಾವು, ಅದನ್ನ ನೋಡ್ರಿ.

ಬರ್ರಿ ಶೆಟ್ಟೆವ್ವಕ್ಕ. ಅತ್ತಿ, ಬಾಜೂ ಮನಿ ಅಕ್ಕಾರ ಬಂದ್ರು. ಕುಂದರ್ರಿ ಅಕ್ಕ. ಏನು ಮೊಬೈಲ್ ಹಿಡಕೊಂಡ ಬಂದೀರಿ? ನಮ್ಮ ಸೈಟಾ? ಚಲೋ ಆತು, ಆಮ್ಯಾಲ ನೋಡೂಣಂತ. ಅಕ್ಕ, ಆ ಬಟನ್… ಬ್ಯಾಡ್ರಿ, ಒತ್ತಬ್ಯಾಡ್ರಿ…

ಒತ್ತಿದ್ರಿ.

…ಹೌದ್ರಿ ಶೆಟ್ಟೆವ್ವಕ್ಕ, ಅತ್ತಿ ದನೀನ. ಇಲ್ರಿ, ಮೌನ ಮುರದಿಲ್ಲ. ನೋಡ್ರಿ, ತುಟಿ ಮುಚ್ಚೇ ಅದಾವು. ಅದು ಮೊದಲ ತುಂಬಿಟ್ಟದ್ದು. ಅತ್ತಿ, ನೀವ್ಯಾಕ ತಲಿ ಅಲ್ಲಾಡಸ್ತೀರಿ? ಅವರ ಮುಂದ ಇಲ್ಲ ಅನಬ್ಯಾಡ್ರಿ, ಕೈ ಮುಗೀತೇನಿ… ಹೊಂಟ್ರಿ ಅಕ್ಕ? ನಗ್ರಿ, ನಗ್ರಿ. ಇಡೀ ಓಣಿಗೆ ಕೇಳಿಸಿ ಬರ್ರಿ.

…

ಹಂಗ ನೋಡಬ್ಯಾಡ್ರಿ ಅತ್ತಿ.

ನಾನ ಮಾತಾಡಿದ್ದು. ನಿಮ್ಮಂಗ ದನಿ ತಗದು. ಕಾಲೇಜಿನ್ಯಾಗಿದ್ದಾಗ ಗ್ಯಾದರಿಂಗಿಗೆ ಪ್ರಿನ್ಸಿಪಾಲರಂಗ ದನಿ ತಗದು ಬಹುಮಾನ ಗೆದ್ದಾಕಿ ನಾನು. ಈ ಮನ್ಯಾಗ ಯಾರಿಗೂ ಗೊತ್ತಿಲ್ಲ. ಯಾರೂ ಕೇಳಿಲ್ಲ.

ಏನ್ರಿ? ಬೆರಳ ನನ್ನ ಬಾಯಿ ಕಡೆ… ಅನ್ನಲ್ಯಾ? ಇಲ್ಲೇ? ನಿಮ್ಮ ಎದರಿಗೇ?

ನಗು ಬರತೈತ್ರಿ ನನಗ. ಅಂಜಿಕಿ ಆದ್ರ ನನಗ ನಗುನ ಬರೂದು. ತಡೀರಿ.

‘ಇಲ್ಲೆ ಕೇಳ ಯವ್ವಾ. ಪಾಕೀಟ ಮ್ಯಾಲ ಹೆಸರ ನಂದು, ಬಡಿಯೋ ಕೈ ನಮ್ಮ ನಾಗರತ್ನಾಂದು. ಅಂಥಾ ಸೊಸಿ ಹುಡುಕಿದ್ರೂ ಸಿಗಂಗಿಲ್ಲ. ಅಕಿ ಮುಂದ ಎಂದೂ ಅಂದಿಲ್ಲ. ಅಂದ್ರ ತಲಿಮ್ಯಾಲ ಕುಂದರತಾಳ.’

…ಇಷ್ಟ ರೀ. ಟೆಸ್ಟಿಂಗಿಗೆ ಏನರ ಅನಬೇಕಿತ್ತು, ಬಾಯಿಗೆ ಬಂದದ್ದು ಇದ. ಬಾಳೇಶಗ ಕಳಸಿದೆ, ಅವ ಏರಿಸಿಬಿಟ್ಟ. ನಿಮ್ಮದು ಎಷ್ಟ ತಳ್ಳಿದ್ರೂ ಹೋಗಲಿಲ್ಲ, ಇದು ಒಂದ ಏಟಿಗೆ ಹೋಗಿ ಕುಂತಿತು. ಅವತ್ತ ತಗೀಬೇಕಿತ್ತು. ಇವತ್ತೊಂದ ದಿನ ಇರಲಿ, ನಾಳೆ ತಗದರಾತು ಅನಕೋತ… ಕಿತ್ತೂರಿಂದ ಮಂದಿ ಫೋನ್ ಮಾಡಿದ್ರು, ಸವದತ್ತಿಯಿಂದ ಮಾಡಿದ್ರು, ‘ಅತ್ತಿ ಎಷ್ಟ ಹೊಗಳ್ಯಾರವಾ ನಿನ್ನ’ ಅಂತ. ನಾನೂ ಹೂಂ ಅಂದೆ. ಕೇಳಾಕ ಹಿತ ಅನಸ್ತು ರೀ, ಸುಳ್ಳ ಯಾಕ ಹೇಳಲಿ.

ಬಂತು ನೋಡ್ರಿ ಬಾಳೇಶನ ಮೆಸೇಜ್. ಹೊತ್ತೂ ಮುಳುಗಿತು. ಮೊದಲ ದೀಪಾ ಹಚ್ಚಿ ಬರತೇನಿ.

ಹಚ್ಚಿದೆ. ನಿಮ್ಮ ಮೌನ ಮುಗೀತ್ರಿ ಅತ್ತಿ, ಈಗ ಬೈರಿ. ನಾ ಫೈಲ್ ಕಳಸ್ಕೋತ ಬೈಸ್ಕೋತೇನಿ. ಈ ಸಲ ಫೋಲ್ಡರ್ ಬರೋಬ್ಬರಿ ಐತಿ. ನೋಡ್ರಿ, ಸರ್ವರ್ ಕೇಳಾಕತ್ತೈತಿ: ಈ ಹೆಸರಿನ ಫೈಲ್ ಮೊದಲ ಐತಿ, ಅದನ್ನ ಅಳಿಸಿ ಇದನ್ನ ಇಡ್ಲೇನು? ಹೂಂ ಅಂತ ಒತ್ತಿದ್ರ ಮುಗೀತು. ನಿಮ್ಮ ಎಮ್ಮಿ ಬರತೈತಿ, ನಾ ಹೋಗತೇನಿ.

ಅತ್ತಿ? ದೀಪಾ ಉರಿಯಾಕತ್ತೈತ್ರಿ. ಬೈಯಾಕರ ಬಾಯಿ ತಗೀರಿ… ಇನ್ನೂ ಯಾಕ ಸುಮ್ಮ ಕುಂತೀರಿ?

ಬೆರಳ ಬಿಡ್ರಿ. ನನ್ನ ಬೆರಳ ಯಾಕ ಹಿಡಕೊಂಡ್ರಿ? ಕೈತುಂಬ ಗುರೆಳ್ಳಿನ ಧೂಳ ಐತಿ, ಲ್ಯಾಪ್‌ಟಾಪಿಗೆ… ಅದಲ್ರಿ ಅತ್ತಿ, ಅದು ಬ್ಯಾಡ ಅನ್ನೋ ಬಟನ್. ಅದನ್ನ ಒತ್ತಿದ್ರ ಹಳೇದ ಉಳಕೊಂಡಬಿಡ್ತೈತಿ. ನಂದ ಉಳೀತೈತ್ರಿ, ನಿಮ್ಮದಲ್ಲ…

ಒತ್ತಿದ್ರಿ.

ಎಮ್ಮಿ ಹೋತಲ್ರಿ ಅತ್ತಿ.