ಸರ್ಜಾನ ಎಡಗಿವಿ

ಏಳಬ್ಯಾಡ ಅಣ್ಣಾ, ಏಳಬ್ಯಾಡ! ಅಲ್ಲೇ ಕುಂದರು. ನಾನೇ ನಿನ್ನ ಕಡೆ ಹಿಡಕೊಂಡು ಬರ್ತೀನಿ... ಹಾಂ. ಬಂತು ನೋಡು ನಿನ್ನ ಸರ್ಜಾ. ಥೂ, ನೋಡು ಅಂತೀನಿ ನಾ! ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕ ಪೊರಿ, ಏನು ನೋಡ್ತಿ ಪಾಪ. ಕೈ ಕೊಡು. ಇದು ಮೂತಿ... ಇದು ತಲಿ. ಸಿಕ್ತಿಲ್ಲೋ?

ಯಾಕ ನಗ್ತಿ? ನಾಳೆ ಮುಂಜಾನೆ ಪಟ್ಟಿ ಬಿಚ್ತಾರ, ಆಮ್ಯಾಲ ನೋಡಿದ್ರಾತು ಅಂದ್ರ ನೀ ಕೇಳ್ಬೇಕಲ್ಲ. ಆಪರೇಶನ್ ಆಗಿ ಮೂರು ದಿನಾ ಆತು, ಮೂರೂ ದಿನಾ ಒಂದೇ ಮಾತು, “ಮಾಂತು, ನಾಯಿ ಎಲ್ಲಿ? ಮಾಂತು, ನಾಯಿ ಎಲ್ಲಿ?” ತಮ್ಮಾ, ನೀ ಹೆಂಗಿದ್ದೀ ಅಂತ ಒಂದ್ಸಲನರೆ ಕೇಳಿದ್ಯಾ? ಪಿಂಪ್ರ್ಯಾಗ ಪ್ರಲ್ಹಾದನ ಕಡೆ ಬಿಟ್ಟೀನಿ ಅಂತ ಹೇಳಿದ್ನಲ್ಲ. ನನ್ನ ಫ್ಯಾಕ್ಟರಿ ಗೆಳೆಯ, ಅವನ ಮನಿಗೆ ಅಂಗಳ ಅದ. ಈ ಬಿಬವೇವಾಡಿ ಮನಿ ಎರಡನೇ ಮಜಲಿನ್ಯಾಗ, ಇಲ್ಲಿ ಓಡೂ ನಾಯಿನ ಎಲ್ಲಿ ಇಡ್ಲಿ? ಅಷ್ಟೇ. ಬ್ಯಾರೆ ಏನೂ ಇಲ್ಲ. ಬ್ಯಾರೆ ಏನಿರ್ತದ?

ಸಮಾಧಾನ ಮಾತ್ರ ಇಟ್ಕೋ. ಡಾಕ್ಟರ್ ಹೇಳಿದ್ದು ನೆನಪದ ಇಲ್ಲೋ? ಕಣ್ಣಿಗೆ ನೀರು ತಾಗಬಾರದು. ಮುಖಾ ತೊಳ್ಯಂಗಿಲ್ಲ, ಬಗ್ಗಂಗಿಲ್ಲ, ಅಳಂಗಿಲ್ಲ. ನಿನ್ನ ಸಲುವಾಗಿ ಮಾಧುರಿ ಮೂರು ದಿನದಿಂದ ಉಳ್ಳಾಗಡ್ಡಿ ಇಲ್ಲದ ಪಲ್ಯಾ ಮಾಡ್ಲಾಕತ್ತಾಳ! ಗಂಡನ ಮಾತು ಒಂದೂ ಕೇಳಂಗಿಲ್ಲ, ಭಾವನ ಕಣ್ಣು ಅಂದ್ರ ಇಷ್ಟು ಕಾಳಜಿ ನೋಡು.

ಹಾಂ, ಎದಿಗೆ ಕೈ ಹಚ್ಚು. ಎಷ್ಟು ಆಳ ಅದ! ಹೊಟ್ಟಿ? ಹೊಟ್ಟಿ ಎಲ್ಲದ? ಬೆನ್ನಿಗೆ ಹತ್ತಿದಂಗದ. ನೀನೇ ಹೇಳ್ತಿದ್ದ್ಯಲ್ಲ, ಬ್ಯಾಟಿ ನಾಯಿಗೆ ಎದಿ ಇರಬೇಕು, ಹೊಟ್ಟಿ ಇರಬಾರದು, ಮಾಂತು ಅದಕ್ಕ ಉಲ್ಟಾ ಹುಟ್ಯಾನ ಅಂತ! ಈ ಪುಣ್ಯಾ ಶಹರದ ಮಂದಿಗೆ ಅದು ತಿಳಿಯಂಗಿಲ್ಲ. ಸರ್ಜಾನ ಕರಕೊಂಡು ಕೆಳಗ ಇಳದ್ರ ಸಾಕು, “ಕುತ್ರ್ಯಾಲಾ ಜೇವಾಯ್ಲಾ ದೇತ್ ನಾಹೀ ಕಾ?” ನಾಯಿಗೆ ಕೂಳು ಹಾಕಂಗಿಲ್ಲೇನು ಅಂತ ನನಗ ಕೇಳೂದು! ಒಬ್ಬಾಕಿ ಅಂತೂ ಬಿಸ್ಕೀಟ್ ತಂದು ಮುಂದ ಸುರವಿದ್ಲು. ಮೂಸಿ ಸೈತ ನೋಡ್ಲಿಲ್ಲ ಅದು, ಮಾರಿ ತಿರುವಿ ನಿಂತ್ತು. ನಾ ಅಂದೆ, ಬಾಯಿ, ಇದು ಮುಧೋಳದ್ದು, ಪಕ್ಕಡಿ ಎಲವು ಎಣಿಸ್ಲಾಕ ಬಂದ್ರನ ಇದು ಛಲೋ ಅದ ಅಂತ ಲೆಕ್ಕ. ಡಿಸೆಂಬರದಾಗ ಡಾಗ್ ಶೋ ಆತು ನೋಡು, ಎಲ್ಲಾರ ಬಾಯಿ ಬಂದ್! ಎರಡನೇ ನಂಬರ್. ರಿಬ್ಬನ್ ಇಲ್ಲೇ ಗ್ವಾಡಿಗೆ ತೂಗ ಹಾಕೀನಿ, ಪುಣೆ ೧೯೯೬ ಅಂತ ಬರದದ. ಒಂದನೇದು ಬರಬೇಕಿತ್ತು, ಜಜ್ಜ ಹಲ್ಲು ನೋಡ್ಲಾಕ ಬಂದ, ಇದು ಬಾಯಿ ಮುಟ್ಟಿಸಿಕೊಳ್ಳಲಿಲ್ಲ. ಗುರ್ ಅಂತು. ಪರರ ಕೈ ಅಂದ್ರ ಆಗಂಗೇ ಇಲ್ಲ ಇದಕ್ಕ...

ಸೊಂಟಾ? ಅಳೀ, ಅಳೀ! ನಿಂದು ಗೊತ್ತದ ನನಗ, ನಾಕು ಬೆರಳು ಇಡದ ನೀ ಯಾ ನಾಯಿನೂ ಒಪ್ಪಂಗಿಲ್ಲ. ಆ ಎರಡು ಎಲವಿನ ನಡುವ ಇಡು... ಒಂದು, ಎರಡು, ಮೂರು, ನಾಕು. ಬರಾಬರ್! ನಾ ಹೇಳ್ಲಿಲ್ಲಾ? ನಾನೂ ಅಳದೇ ತಂದ... ಅಂದ್ರ, ಪ್ರಲ್ಹಾದನ ಮನಿಯಿಂದ ತರೂ ಮುಂದ ಅಳದೆ. ಸೊರಗೇದೇನೋ ಅಂತ. ಅಷ್ಟೇ.

ನಾಡಿದ್ದು ಟೆಂಪೋಕ್ಕ ಹೇಳೀನಿ. ನಿನ್ನೂ ಸರ್ಜಾನೂ ಕೂಡೇ ಮನಿ ಬಾಗಿಲಿಗೆ ಇಳಸ್ತಾನ. ಕಲ್ಲವ್ವ ವೈನಿ ದಾರಿ ಕಾಯ್ತಿರ್ತಾಳ...

ಏ, ಏ, ನೆಕ್ಕಬ್ಯಾಡೋ ಅಣ್ಣನ ಕೈ! ಏನಾತು, ಯಾಕ ಕೈ ಹಿಂದಕ್ಕ ತಗೊಂಡಿ? ನೆಕ್ತಷ್ಟೇ. ಹೌದು, ಮೊದಲ ನೆಕ್ತಿರಲಿಲ್ಲ. ಗೊತ್ತದ ನನಗ. ಆರು ತಿಂಗಳಾತಲ್ಲ ನೀ ಬಿಟ್ಟು, ಖುಷಿ ಆಗ್ಯದ. ಆ ಸಪ್ಪಳಾ? ಬಾಲಾ ನೆಲಕ್ಕ ಬಡೀಲಾಕತ್ತದ. ಮಾಧುರಿ ಚಹಾ ತಂದಾಳ, ಅಕಿಗೆ ಅಲ್ಲಾಡಸ್ತದ. ಎಲ್ಲಾರಿಗೂ ಅಲ್ಲಾಡಸ್ತದ ಈಗ. ಪುಣ್ಯಾದ ನೀರು ಕುಡದು ಸ್ವಭಾವಾ ಬದಲಿ ಆಗ್ಯದ! ನಾ ಬದಲಿ ಆಗಿಲ್ಲೇನು? ನಾನೂ ಈಗ ಸಿಕ್ಕ ಸಿಕ್ಕವರಿಗೆ ನಮಸ್ಕಾರ ಹೊಡಿತೀನಿ...

ನಗವಲ್ಲಿ ಈಗ. ಯಾಕ?

ಊರಾಗ ಅದು ಬ್ಯಾರೆನ ಇತ್ತು, ಹೌದು. ನೀ ನಾಲಿಗಿ ಲೊಚ್ಚ್ ಅನಿಸಿದ್ರ ಮೂರು ಹೊಲಾ ದಾಟಿ ಬರ್ತಿತ್ತು. ನಾ ಗಂಟಲ ಹರಕೊಂಡ್ರೂ ತಿರುಗಿ ನೋಡ್ತಿರ್ಲಿಲ್ಲ. ಒಬ್ಬಾವನ ದನಿಗಷ್ಟ ಬರೂದು ಇವುಗಳ ಗುಣಾ, ಅದಕ್ಕ ನೀ ಸಿಟ್ಟಾಗಬ್ಯಾಡ ಮಾಂತು ಅಂತಿದ್ದಿ. ಖರೆ ಹೇಳ್ಲೇನು? ಸಿಟ್ಟಲ್ಲ, ನನಗ ಹೊಟ್ಟಿಕಿಚ್ಚು. ಅದನ್ನ ಇಲ್ಲಿಗೆ ತರಲಾಕ ಶೋ ಅನ್ನೂದು ಒಂದು ನೆವಾ. ಶೋ ಮುಗದ ಮರುದಿನಾನ ಕಳಿಸ್ತೀನಿ ಅಂತ ನಿನ್ನ ಮುಂದ ಆಣಿ ಮಾಡಿದ್ದೆ, ಕಳಿಸ್ಲಿಲ್ಲ. ನನ್ನ ಕರೆಗೂ ಬರಲಿ ಅಂತ... ಒಂದ್ಸಲ. ಒಂದೇ ಒಂದ್ಸಲ.

ಕಿವಿ ಬಿಡು. ಅಣ್ಣಾ, ಕಿವಿ ಮುಟ್ಟಬ್ಯಾಡ. ಹೌದು, ಎಡಗಿವಿನ. ಕಾಡಹಂದಿ ಸೀಳಿದ್ದು. ನಿನಗ ಗೊತ್ತಿದ್ದದ್ದೇ ಅಲ್ಲೇನು, ಮೂರು ವರ್ಷದ ಹಿಂದಿನ ಗಾಯ. ನೀನೇ ಅರಿಶಿಣಾ ತುಂಬಿದ್ದಿ. ಅದೇ ಜಾಗಾ, ಅಷ್ಟೇ ಉದ್ದ... ಯಾಕ ಮತ್ತ ಮತ್ತ ಅಲ್ಲೇ ಬೆರಳು ಆಡಿಸ್ಲಾಕತ್ತಿ? ಮೆಲ್ಲಕ! ನೋವಾಗ್ತದ ಅದಕ್ಕ!

...ಹಾಂ. ಅಂದುಬಿಟ್ಟೆ. ಮೂರು ವರ್ಷದ ಗಾಯ ನೋಯಂಗಿಲ್ಲ. ಹಕ್ಕಳಿನೂ ಕಟ್ಟಂಗಿಲ್ಲ.

ಏನರೆ ಅನ್ನು ಅಣ್ಣಾ. ಬೈ. ಕಪಾಳಕ್ಕ ಹೊಡಿ.

ನಾನೇ ಕೊರದೆ. ಬ್ಲೇಡಿನಿಂದ. ಹೋದ ಐತವಾರ, ಇದೇ ಬಾಲ್ಕನ್ಯಾಗ. ಮಾಧುರಿ ಹಿಡಕೊಂಡಿದ್ಲು, ಅಳ್ಲಾಕತ್ತಿದ್ಲು. ನೀ ಆಪರೇಶನ್ನಿಗೆ ಬರ್ತೀನಿ ಅಂತ ಫೋನ್ ಮಾಡಿದ್ದಿ, ನನಗ ಬ್ಯಾರೆ ಏನೂ ಹೊಳೀಲಿಲ್ಲ. ಈ ಹುಚ್ಚಪ್ಪ, ಕೊರದ ಮ್ಯಾಲೂ ಬಾಲಾ ಅಲ್ಲಾಡಿಸಿ ನನ್ನ ಕೈನ ನೆಕ್ತು. ಸಾಸವಡ ಕಡೆ ಧನಗರ ಕುರಿಹಟ್ಟ್ಯಾಗ ಹುಡುಕಿ ತಂದದ್ದು ಇದನ್ನ. ಬಣ್ಣಾ ಅದೇ, ಎತ್ತರಾ ಅದೇ. ಎದಿ ಅಳದೆ, ಸೊಂಟಾ ಅಳದೆ. ಗುಣಾ ಹೆಂಗ ಅಳೀಲಿ ನಾ?

ಸರ್ಜಾ ಇಲ್ಲ ಅಣ್ಣಾ. ಫೆಬ್ರುವರ್ಯಾಗನ ಹೋತು. ಆಮ್ಯಾಲ ನೀ ಫೋನ್ ಮಾಡಿದಾಗೆಲ್ಲಾ ಸರ್ಜಾ ಆರಾಮ ಅದ, ಸರ್ಜಾ ಆರಾಮ ಅದ ಅಂತಿದ್ನಲ್ಲ... ಕಾತ್ರಜದ ಆಚೆ, ಸಾತಾರಾ ರೋಡಿನ ಬಾಜೂಕಿನ ಬಯಲಿಗೆ ಕರಕೊಂಡು ಹೋಗಿದ್ದೆ, ಪ್ರಲ್ಹಾದಗ ಅದರ ಓಟಾ ತೋರಸ್ಲಾಕ. ಲಾರಿ ಬಂತು. ಪಟ್ಟನ ಹೋತು, ನರಳಲಿಲ್ಲ. ನಿನ್ನ ತಪ್ಪಲ್ಲ ಅಂತ ಎಲ್ಲಾರೂ ಅಂದ್ರು. ಲಾರಿ ಭಾಳ ಜೋರ್ ಇತ್ತು...

ನಿನ್ನ ಕೈ ಇನ್ನೂ ಅದರ ಕಿವಿ ಮ್ಯಾಲೇ ಅದ.

ನಾಯಿ ರೋಡಿಗೆ ಯಾಕ ಬಂತು ಅಂತ, ಹೌದಿಲ್ಲೋ? ಅದನ್ನ ಯಾರೂ ಕೇಳಿಲ್ಲ ನನಗ. ನೀನೂ ಕೇಳವಲ್ಲಿ. ಕೇಳದೇನ ಕುಂತು...

ಮೊಲಾ ಬೆನ್ನ ಹತ್ತಿ ರೋಡ್ ದಾಟಿ ಹೋಗಿಬಿಟ್ಟಿತ್ತು ಅದು. ಆಚೆ ಕಡೆ ಹೊಲದಾಗ ಆರಾಮ ನಿಂತಿತ್ತು, ತೇಕ್ತ. ನಾ ಹೋಗಿ ಹಿಡಕೊಂಡು ಬರಬೇಕಿತ್ತು. ಪ್ರಲ್ಹಾದ ನಕ್ಕ. “ತುಝಂ ಐಕತ್ ನಾಹೀ ರೇ,” ನಿನ್ನ ಮಾತು ಕೇಳಂಗಿಲ್ಲೋ ಅದು ಅಂದ. ನಕ್ಕ ಅಣ್ಣಾ. ನನಗ ತಡಕೊಳ್ಲಾಕ ಆಗ್ಲಿಲ್ಲ. ಲಾರಿ ಕಂಡಿತ್ತು ನನಗ... ಕಂಡಿತ್ತು. ಎಂದೂ ಬರಂಗಿಲ್ಲ, ಈಗೇನು ಬರ್ತದ ಅಂದ್ಕೊಂಡೆ. ಆದ್ರೂ ಕರದೆ. ಸರ್ಜಾ, ಬಾ ಅಂತ ಒದರಿದೆ.

ಬಂತು.

ಕಿವಿ ಹಿಂದಕ್ಕ ಹಾಕ್ಕೊಂಡು, ನಿನ್ನ ಕಡೆ ಬರ್ತಿತ್ತಲ್ಲ, ಹಂಗ ಬಂತೋ ಅಣ್ಣಾ. ನನ್ನ ದನಿಗೆ ಬಂತು.

ಅಣ್ಣಾ? ಬ್ಯಾಡೋ. ಬ್ಯಾಡ, ನಿನ್ನ ಕಾಲ್ ಬೀಳ್ತೀನಿ. ಏ ಮಾಧುರೀ, ಲಗೂನ ಬಾ ಇಲ್ಲೆ! ಅಣ್ಣಾ, ನನ್ನ ಹೊಡಿ, ಬೇಕಾದ್ದು ಮಾಡು, ಅಳಬ್ಯಾಡೋ... ಪಟ್ಟಿ ತೋಯ್ಲಾಕತ್ತದ.