ಅರ್ಜಿಯಲ್ಲಿದ್ದ ದೊಡ್ಡಪ್ಪ

ಅರಸೀಕೆರೆ ನಿಲ್ದಾಣದಲ್ಲಿ ಕಣಕಟ್ಟೆ ಬಸ್ಸಿಗೆ ಕಾಯುತ್ತಿದ್ದ ಸುಂದರಮ್ಮನಿಗೆ ಪಕ್ಕದ ಬೆಂಚಿನ ಅಪ್ಪ-ಮಗಳ ಮಾತು ಬೇಡವೆಂದರೂ ಕೇಳಿಸುತ್ತಿತ್ತು. ಮಾತು, ಕಿವಿಯ ತೊಂದರೆಗಳಿಗೆ ಚಿಕಿತ್ಸೆ ಕಲಿಸುವ ವಾಕ್-ಶ್ರವಣ ವಿಜ್ಞಾನದ ಎಂ.ಎಸ್ಸಿ.ಗೆ ಮಗಳು ಬರೆದ ಅರ್ಜಿ ಅಪ್ಪನ ಕೈಯಲ್ಲಿತ್ತು.

“ಮೇಧಿನೀ, ಈ ಉ... ಉಗ್ಗೋ ದೊಡ್ಡಪ್ಪ ಯಾರೇ? ನನಗೆ ಅಣ್ಣನೇ ಇಲ್ವಲ್ಲ!”

“ಈ ಓದು ಯಾಕೆ ಬೇಕು ಅಂತ ಅರ್ಜೀಲಿ ಕೇಳಿದ್ರಪ್ಪ. ಏನೋ ಬರೆದೆ.”

“ಮಂತ್ರ ಸರಾಗವಾಗಿ ಹೇಳ್ತಾನಂತೆ, ಅಂಗಡೀಲಿ ಸ... ಸಕ್ಕರೆ ಕೇಳಕ್ಕಾಗಲ್ವಂತೆ. ಅವನೂ ಅರ್ಚಕನೇ?”

“ಬಿಡಪ್ಪಾ.”

“ಪಾಪ, ನನ್ನ ಹಾಗೇ!” ಅಪ್ಪ ನಕ್ಕರು. “ಅವನ ಮಾತು ಮನೆಯವರೇ ಮು... ಮುಗಿಸ್ತಾರಂತೆ.”

ಮಗಳ ಮುಖ ಕೆಂಪಾಯಿತು. “ಹಾಗೆ ಮುಗಿಸೋದು ನಾನೇ. ಯಾರಾದ್ರೂ ನೋಡ್ತಾರೇನೋ ಅಂತ ನಾಚಿಕೆಯಾಗಿ, ನೀನು ಶುರು ಮಾಡೋದ್ರೊಳಗೇ ನಾನು ಹೇಳಿಬಿಡ್ತಿದ್ದೆ. ಇಲ್ಲೂ ಅದೇ ನಾಚಿಕೆಗೆ ಅಪ್ಪ ಅನ್ನೋ ಬದಲು ದೊಡ್ಡಪ್ಪ ಅಂತ ಬರೆದೆ.”

ಅಪ್ಪ ಕಾಗದವನ್ನು ನೀಟಾಗಿ ಮಡಿಸಿದರು.

“ಕಳಿಸಿ ಆಯ್ತಾ?”

“ಇಲ್ಲ, ನಾಳೆ ಕೊನೇ ದಿನ.”

“ಹಾಗಾದ್ರೆ ದೊಡ್ಡಪ್ಪನ್ನ ತೆಗಿ. ಅ... ಅಪ್ಪನ್ನ ಹಾಕು. ಎದುರಿಗೇ ಇದ್ದೀನಲ್ಲ.”

ಬೇಲೂರು ಬಸ್ಸು ಬಂತು; ಅಪ್ಪ-ಮಗಳು ಎದ್ದು ಅದರ ಬಾಗಿಲಿಗೆ ಹೋದರು. ಕಂಡಕ್ಟರ್ ಬಾಗಿಲಲ್ಲೇ, “ಎಲ್ಲಿಗೆ ಸ್ವಾಮೀ?” ಎಂದ.

“ಹ... ಹ...”

ಹುಡುಗಿಯ ಬಾಯಿ ತೆರೆಯಿತು. ಹಿಂದಿನವರು ನೂಕುತ್ತಿದ್ದರು. ಅವಳು ಕಂಬಿ ಹಿಡಿದು, ಬಾಯಿ ಮುಚ್ಚಿ ನಿಂತಳು. ಕಂಡಕ್ಟರ್ ಹಿಂದಿನವರಿಗೆ ಕೈ ಅಡ್ಡ ಹಿಡಿದು ಸುಮ್ಮನೆ ಕಾದ.

“ಹ... ಹಳೇಬೀಡು. ಎರಡು.”

“ಹತ್ತಿ ಸ್ವಾಮೀ,” ಎಂದ ಕಂಡಕ್ಟರ್. ಮಗಳು ಅಪ್ಪನ ಹಿಂದೆ ಹತ್ತಿದಳು.