ಒಳಗೊಬ್ಬಾಂವ ಅದಾನ

ಇದು ನಮ್ಮ ದೊಡ್ಡಪ್ಪನ ಮಗ ಮನ್ಮಥಪ್ಪನಿಗೆ ಆದದ್ದು. ಕಟ್ಟಿದ ಕತೆಯಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅರವತ್ತೆಂಟನೇ ಇಸವಿ, ನಾಸಿಕದ ಹತ್ತಿರದ ಇಗತಪುರಿಯ ಮಳೆಗಾಲ. ರಾತ್ರಿ ಹನ್ನೊಂದು ದಾಟಿತ್ತು. ಗೂಡ್ಸ್ ಯಾರ್ಡಿನಿಂದ ಮನೆಗೆ ಹೋಗುವ ದಾರಿಯಲ್ಲಿ ಒಂದು ಹಾಳುಬಾವಿ. ಮನ್ಮಥಪ್ಪ ಮುಂದೆ, ಕಂದೀಲು ಹಿಡಿದ ಧೋಂಡಿಬಾ ಹಿಂದೆ. ಬಾವಿಯ ಹತ್ತಿರ ಬಂದಾಗ ರಾಟೆ ತಿರುಗಿತು. ಕಿರ್ರ್... ಕಿರ್ರ್... ಆ ರಾಟೆಗೆ ಹಗ್ಗ ಹೋಗಿ ಎಷ್ಟೋ ವರ್ಷವಾಗಿತ್ತು.

"ಗಾಳಿ," ಎಂದು ಪಿಸುಗುಟ್ಟಿದ ಮನ್ಮಥಪ್ಪ.

ಧೋಂಡಿಬಾ ಅಲ್ಲವೆಂದು ತಲೆ ಅಲ್ಲಾಡಿಸಿದ. ಅವನು ಪಕ್ಕದ ಊರು ಘೋಟಿಯ ಹಮಾಲ, ಹುಟ್ಟು ಮೂಕ. ಕಿವಿ ಮಾತ್ರ ಚುರುಕು.

ಆ ರಾತ್ರಿ ಇಬ್ಬರೂ ಯಾಕೆ ಹೆದರಿದ್ದರು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮನ್ಮಥಪ್ಪ ಬೀದರ್ ಕಡೆಯವನು. ಹಡಗಿನಲ್ಲಿ ಮುಂಬಯಿಗೆ ಬಂದು, ಅಲ್ಲಿಂದ ರೈಲಿನಲ್ಲಿ ನಾಸಿಕಕ್ಕೆ ಹೋಗುವ ಸಸಿಗಳನ್ನು ತಪಾಸಣೆ ಮಾಡುವುದು ಅವನ ಕೆಲಸ. ಭೂತಗನ್ನಡಿ ಹಿಡಿದು ಎಲೆ, ಕಾಂಡ, ಬೇರು ಎಲ್ಲ ನೋಡುತ್ತಿದ್ದ. ಹುಳು ಕಂಡರೆ ಆ ಮಾಲನ್ನು ಒಂದು ಕಲ್ಲಿನ ಕೋಣೆಗೆ ಹಾಕಿ ವಿಷದ ಗ್ಯಾಸ್ ಬಿಡಬೇಕು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದಕ್ಕೇ ಕೊನೆಯ ಪ್ಯಾಸೆಂಜರ್ ಹೋಗಿ, ಯಾರ್ಡಿನಲ್ಲಿ ಜನ ಇಲ್ಲದಾಗ ಬಿಡುವುದು. ಮೊದಲು ಬಾಗಿಲಿನ ಸಂದಿಗೆಲ್ಲ ಮೈದಾ ಗಂಜಿ ಬಳಿದು ಕಾಗದದ ಪಟ್ಟಿ ಅಂಟಿಸಬೇಕು. ಆಮೇಲೆ ಬಾಗಿಲು ತಟ್ಟಿ ಮೂರು ಸಲ ಕೂಗಬೇಕು, ಮರಾಠಿಯಲ್ಲಿ: "ಆತ ಕೋಣೀ ಆಹೇ ಕಾ?" ಒಳಗೆ ಯಾರಾದರೂ ಇದ್ದಾರಾ ಅಂತ. ಉತ್ತರ ಬಾರದಿದ್ದರೆ ಗೋಡೆಯ ಹೊರಗಿರುವ ಸಿಲಿಂಡರಿನ ತಿರುಪು ತಿರುಗಿಸುವುದು, ಗ್ಯಾಸ್ ಕೊಳವೆಯಲ್ಲಿ ಒಳಗೆ ಹೋಗುತ್ತದೆ.

ಆ ಸಲ ಬಂದದ್ದು ದ್ರಾಕ್ಷಿಯ ಕಡ್ಡಿಗಳು. ಕಟ್ಟಿನ ಸಂದಿಯಲ್ಲಿ ಹಿಟ್ಟು ಉದುರಿಸಿದಂತೆ ಬಿಳಿ ಹುಳು. ಅದು ತೋಟಕ್ಕೆ ಹೊಕ್ಕರೆ ನಾಸಿಕದ ದ್ರಾಕ್ಷಿಗೆ ಉಳಿವಿಲ್ಲ. ನಾಸಿಕದ ಆಫೀಸಿನ ಸಾಹೇಬರು ಮೂರು ಸಿಲಿಂಡರ್ ಕಳಿಸಿದ್ದರು. ಒಂದು ಸಲಕ್ಕೆ ಒಂದು ಬೇಕು.

ಆ ರಾತ್ರಿ, ಮನೆಗೆ ಹೊರಡುವ ಮೊದಲು, ಮನ್ಮಥಪ್ಪ ಮೂರು ಸಲ ಕೂಗಿದ. ಉತ್ತರವಿಲ್ಲ. ಸಿಲಿಂಡರ್ ತಿರುಗಿಸಿದ. ಸ್ಸ್ಸ್... ಅಷ್ಟರಲ್ಲಿ ಬಾಗಿಲಿನ ಒಳಗಿನಿಂದ ಮೆಲ್ಲಗೆ ಒಂದು ಗಂಡಸಿನ ದನಿ.

"ಒಳಗೊಬ್ಬಾಂವ ಅದಾನ... ತೆಗಿ."

ಕನ್ನಡ. ಅದೂ ಬೀದರಿನ ಕಡೆಯ ಕನ್ನಡ. ಯಾರ್ಡಿನಲ್ಲಿ ಆ ಮಾತು ಬಲ್ಲವನು ಮನ್ಮಥಪ್ಪ ಒಬ್ಬನೇ. ಮಾತು ತಿಳಿಯದಿದ್ದರೂ ದನಿ ಧೋಂಡಿಬಾನಿಗೂ ಕೇಳಿತ್ತು. ಮನ್ಮಥಪ್ಪ ಗ್ಯಾಸಿನ ಮುಖವಾಡ ಹಾಕಿಕೊಂಡು ಪಟ್ಟಿ ಹರಿದು ಬಾಗಿಲು ತೆಗೆದ. ಕಡ್ಡಿಯ ಕಟ್ಟುಗಳು, ಗೋಣಿಚೀಲ... ಯಾರೂ ಇಲ್ಲ. ಗ್ಯಾಸ್ ಎಲ್ಲ ಮಳೆಗೆ ಹೋಯಿತು.

ಮರುದಿನ ರಾತ್ರಿಯೂ ಹಾಗೇ. ಅದೇ ದನಿ, ಅದೇ ಮಾತು. ತೆಗೆದ. ಯಾರೂ ಇಲ್ಲ. ಎರಡನೆಯ ಸಿಲಿಂಡರೂ ಹೋಯಿತು.

ನಾಸಿಕದಿಂದ ಸಾಹೇಬರ ಫೋನು ಬಂತು. ಮಾಲಿನ ಯಜಮಾನ ಗಲಾಟೆ ಮಾಡುತ್ತಿದ್ದಾನೆ, ಇವತ್ತು ಆಗದಿದ್ದರೆ ನಾಳೆ ಹಾಗೇ ಬಿಟ್ಟುಕೊಡಬೇಕಾಗುತ್ತದೆ, ನಿನ್ನ ನೌಕರಿಯೂ ಇರುವುದಿಲ್ಲ, ಎಂದರು.

ಮನೆಯಲ್ಲಿ ಹೆಂಡತಿ ನಾಗಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಹುಳಕ್ಕ ಅಂಜಲಾರದಾಂವ ದನಿಗೆ ಅಂಜತಾನಂತ! ಮಂದಿ ನಗತಾರ್ರಿ."

"ನೀ ಕೇಳಿಲ್ಲ, ಅದಕ್ಕ ಅಂತಿ."

ಅವಳು ಕೈ ತೊಳೆದು ಅವನ ಹಣೆಗೆ ವಿಭೂತಿ ಹಚ್ಚಿದಳು. ದನಿ ಇಳಿಸಿ ಹೇಳಿದಳು: "ಎರಡ ಸಲ ಸುಳ್ಳ ಹೇಳಿದ್ದು ಮೂರನೇದಕ್ಕ ಖರೇ ಹೇಳತದೇನ್ರಿ? ಇವತ್ತ ಯಾರ ಕರದರೂ ತೆಗೀಬ್ಯಾಡ್ರಿ. ನಾನೇ ಕರದರೂ ತೆಗೀಬ್ಯಾಡ್ರಿ."

ಅವತ್ತು ಪೋಳಾ ಅಮಾವಾಸ್ಯೆ, ಎತ್ತುಗಳ ಹಬ್ಬ. ಧೋಂಡಿಬಾ ಮಧ್ಯಾಹ್ನವೇ ತಲೆಯ ಮೇಲೆ ಎರಡು ಬೆರಳಿಟ್ಟು ಕೋಡು ತೋರಿಸಿ, ನಕ್ಕು, ಘೋಟಿಗೆ ಹೊರಟಿದ್ದ. ಹಾಗಾಗಿ ಮನ್ಮಥಪ್ಪ ಒಬ್ಬನೇ. ಕೋಣೆಯ ಮೂಲೆಮೂಲೆಗೂ ಕಂದೀಲು ಹಿಡಿದು ನೋಡಿದ. ಗಂಜಿ ಕಾಯಿಸಲು ಪಕ್ಕದ ಶೆಡ್ಡಿಗೆ ಹೋಗಿ ಬಂದ. ಹತ್ತು ನಿಮಿಷ ಆಗಿರಬಹುದು. ಪಟ್ಟಿ ಅಂಟಿಸಿದ. ಕೂಗಿದ. ಒಂದು... ಎರಡು... ಮೂರು...

ಉತ್ತರವಿಲ್ಲ. ಸ್ಸ್ಸ್...

"ಒಳಗೊಬ್ಬಾಂವ ಅದಾನ... ತೆಗಿ."

ಮನ್ಮಥಪ್ಪ ತೆಗೆಯಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ಕೂತ. ತಗಡಿನ ಮೇಲೆ ಮಳೆ ಪಟಪಟ. ದನಿ ಅವಸರ ಮಾಡಲಿಲ್ಲ, ಅಳಲಿಲ್ಲ. ಸುಮ್ಮನೆ ಮತ್ತೆ ಮತ್ತೆ ಅದನ್ನೇ ಹೇಳಿತು. ಅವನು ಕಿವಿ ಮುಚ್ಚಿಕೊಂಡ. ಎಷ್ಟೋ ಹೊತ್ತಿನ ಮೇಲೆ ಕೈ ತೆಗೆದಾಗ ಅದು ನಿಂತಿತ್ತು. "ಗೆದ್ದೆ ಅನಿಸಿತ್ತು," ಎಂದು ಮುಂದೆ ನನ್ನ ಎದುರೇ ಹೇಳಿದ್ದಾನೆ.

ಬೆಳಿಗ್ಗೆ ಬಾಗಿಲು ತೆಗೆದ. ಚೀಲಗಳ ಹಿಂದೆ ಕಂಬಳಿ ಹೊದ್ದು ಧೋಂಡಿಬಾ ಮಲಗಿದ್ದ. ಮೈ ತಣ್ಣಗಾಗಿತ್ತು. ಕೈಯಲ್ಲಿ ಎತ್ತಿನ ಕೊರಳಿಗೆ ಕಟ್ಟುವ ಕೆಂಪು ದಾರ. ಮಳೆಗೆ ಬಸ್ಸು ಹೋಗಲಿಲ್ಲವೋ, ಎರಡು ರಾತ್ರಿ ಕೆಟ್ಟದ್ದರಿಂದ ಇವತ್ತು ಗ್ಯಾಸ್ ಬಿಡುವುದಿಲ್ಲ ಅಂದುಕೊಂಡನೋ, ಹಬ್ಬದ ನಶೆಯೋ... ಗಂಜಿ ಕಾಯಿಸುವ ಆ ಹತ್ತು ನಿಮಿಷದಲ್ಲಿ ಒಳಹೊಕ್ಕಿದ್ದ. ನಿದ್ದೆಯಲ್ಲೇ ಹೋಗಿದ್ದಾನೆ, ಮಗ್ಗಲು ಕೂಡ ಬದಲಿಸಿಲ್ಲ ಎಂದರು ಡಾಕ್ಟರು. ಅವನು ಬಾಗಿಲ ಹತ್ತಿರ ಬಂದಿರಲೇ ಇಲ್ಲ. ಬಂದಿದ್ದರೂ ಮಾತಾಡುವುದು ಹೇಗೆ?

ನೌಕರಿ ಉಳಿಯಿತು. ಅದೊಂದೇ ಉಳಿದದ್ದು. ಮುಂದಿನ ವರ್ಷ ನಾಸಿಕದ ತೋಟಗಳಲ್ಲಿ ಅದೇ ಬಿಳಿ ಹುಳು ಕಂಡಿತು. ಅದು ಈ ಕಟ್ಟುಗಳಿಂದಲೇ ಬಂತೋ, ಬೇರೆ ದಾರಿ ಹಿಡಿದು ಬಂತೋ ಗೊತ್ತಾಗಲಿಲ್ಲ. ಆ ಸುದ್ದಿ ಬಂದಾಗ ಮನ್ಮಥಪ್ಪ ಊಟಕ್ಕೆ ಕೂತಿದ್ದ. ಕೇಳಿ ಎದ್ದು ಹೋಗಿ ಕೈ ತೊಳೆದನಂತೆ.

ಆಮೇಲೆ ಅವನಿಗೊಂದು ರೂಢಿ ಬಿತ್ತು. ರಾತ್ರಿ ಮನೆಯ ಕದ ಹಾಕುವ ಮುಂಚೆ ಹೊಸ್ತಿಲಲ್ಲಿ ನಿಂತು ಕೇಳುತ್ತಾನೆ: "ಒಳಗ ಎಷ್ಟ ಮಂದಿ ಅದೀರಿ?" ಮೂರು ಸಲ. ಮಕ್ಕಳಿಲ್ಲದ ಮನೆ. ನಾಗಮ್ಮ "ಇಬ್ಬರ ಅದೀವ್ರಿ, ಹಾಕ್ರಿ" ಅನ್ನಬೇಕು. ಅಂದರೇ ಅಗುಳಿ ಬೀಳುವುದು.

ಎಪ್ಪತ್ತಮೂರರಲ್ಲಿ ನಾನು ಅವರ ಮನೆಯಲ್ಲಿ ಒಂದು ರಾತ್ರಿ ಉಳಿದಿದ್ದೆ. ಅವನು ಕೇಳಿದ. ನಾಗಮ್ಮ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ತಲೆ ಎತ್ತದೆ, ದಿನವೂ ಹೇಳುವವಳ ಹಾಗೆಯೇ ಹೇಳಿದಳು:

"ನಾಕ ಮಂದಿ ಅದೀವ್ರಿ, ಹಾಕ್ರಿ."

ಅವನು ಅಗುಳಿ ಹಾಕಿದ. ನಾನು ಬೆಳಗಿನವರೆಗೂ ಎಣಿಸಿದ್ದೇನೆ. ಆ ಮನೆಯಲ್ಲಿ ನನ್ನನ್ನೂ ಸೇರಿಸಿ ಮೂವರೇ ಇದ್ದೆವು. ಬೇಕಾದ ದೇವರ ಮೇಲೆ ಆಣೆ ಇಡುತ್ತೇನೆ.